ಹಾಸಿಗೆ ಅಳೆಯಬೇಕಾದವರು ಯಾರು?

ಪ್ರಶ್ನೆ: ನನ್ನ ತಾಯಿ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದಲ್ಲಿ ದುಡಿಯುತ್ತಾರೆ, ತಂದೆಯದು ಕೂಲಿ. ಇಬ್ಬರದೂ ಸೇರಿ ತಿಂಗಳಿಗೆ 18,000 ರೂಪಾಯಿ ಬಂದರೆ ಹೆಚ್ಚು. ಸೀಮೆಹಸು ತರಲು ಒಂದು ಮೈಕ್ರೋ ಫೈನಾನ್ಸ್‌ನಲ್ಲಿ 40,000 ತೆಗೆದುಕೊಂಡರು. ಒಂದನ್ನು ತೀರಿಸಲು ಇನ್ನೊಂದು ಎಂದು ಈಗ ಐದು ಕಡೆ ಸಾಲವಾಗಿದೆ. ಕಂತುಗಳು ಕ್ರಮವಾಗಿ 2,150, 2,400, 3,200, 2,700, 2,400. ತಾಯಿ ಸಾಲದ ಸಂಘದ ಲೀಡರ್. ಸಂಘದ ಇಬ್ಬರು ರಾತ್ರೋರಾತ್ರಿ ಮನೆಗೆ ಬೀಗ ಹಾಕಿ ಹೋಗಿದ್ದಾರೆ. ಅವರ ಕಂತನ್ನೂ ನೀವೇ ಕಟ್ಟಿ ಎಂದು ಕಲೆಕ್ಷನ್‌ನವರು ನಮ್ಮ ಜಗಲಿಯ ಮೇಲೆ ಕೂರುತ್ತಾರೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು’ ಎಂದು ಸೋದರಮಾವ ಹಂಗಿಸುತ್ತಾರೆ. ತಾಯಿ ಸರಿಯಾಗಿ ಊಟ ಮಾಡುತ್ತಿಲ್ಲ. ತಪ್ಪೆಲ್ಲ ಅವರದೇನಾ?
— ಹೆಸರು ಬೇಡ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ತಂಗಿ, ಮೊದಲು ತಾಯಿಯ ವಿಷಯ. ಅವರನ್ನು ಒಂಟಿಯಾಗಿ ಬಿಡಬೇಡಿ. ಮನಸ್ಸು ತೀರಾ ಕುಗ್ಗಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತನಾಡುತ್ತಾರೆ. ಸಾಲದ ಲೆಕ್ಕ ಒಂದು ವಾರ ಕಾಯಬಹುದು, ಇದು ಕಾಯುವಂಥದ್ದಲ್ಲ.

ನೀವು ಕಳಿಸಿದ ಸಾಲದ ಅರ್ಜಿಯ ನಕಲು ನನ್ನ ಎದುರಿಗಿದೆ. ಕೆಳಗಿನ ಸಹಿ ನಿಮ್ಮ ತಾಯಿಯದು, ಒಂದೊಂದೇ ಅಕ್ಷರ ಕೂಡಿಸಿ ಬರೆದದ್ದು. ಮೇಲೆ ಕುಟುಂಬದ ಮಾಸಿಕ ಆದಾಯ ಎಂಬಲ್ಲಿ 24,000 ಎಂದು ಬರೆದ ಕೈ ಬೇರೆ. ದಿನಕ್ಕೆ ನೂರು ಅರ್ಜಿ ತುಂಬುವವರ ಓಡುಬರಹ. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಅರ್ಜಿ ನೋಡಿದ ಕಣ್ಣಿಗೆ ಈ ಅಂಕಿ ಚುಚ್ಚುತ್ತದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಕಿರು ಸಾಲ (ಮೈಕ್ರೋ ಫೈನಾನ್ಸ್ ಸಾಲ) ಎನ್ನಿಸಿಕೊಳ್ಳಲು ಕುಟುಂಬದ ವಾರ್ಷಿಕ ಆದಾಯ 3 ಲಕ್ಷ ಮೀರಬಾರದು. ತಿಂಗಳಿಗೆ 24,000 ಎಂದರೆ ವರ್ಷಕ್ಕೆ 2,88,000. ಗೆರೆಯೊಳಗೇ ನಿಂತು, ಕೊಡಬಹುದಾದ ಸಾಲವನ್ನು ಆದಷ್ಟು ಹಿಗ್ಗಿಸಿಕೊಳ್ಳುವ ಅಂಕಿ ಇದು. ನಿಮ್ಮ ತಾಯಿಗೆ ಇದು ಹೊಳೆಯುವ ವಿಷಯವಲ್ಲ.

ಅದೇ ನಿಯಮ ಇನ್ನೊಂದು ಮಾತು ಹೇಳುತ್ತದೆ. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ಮಾಸಿಕ ಆದಾಯದ ಅರ್ಧ ದಾಟಬಾರದು. ನಿಮ್ಮ ನಿಜವಾದ ಆದಾಯದ ಅರ್ಧ 9,000. ಮೊದಲ ಮೂರು ಕಂತು ಕೂಡಿದರೆ 7,750, ಅಲ್ಲಿಯವರೆಗೆ ಸರಿ. ನಾಲ್ಕನೆಯದು ಸೇರಿದಾಗ 10,450. ಐದನೆಯದರೊಂದಿಗೆ 12,850. ಸುಳ್ಳು ಆದಾಯವನ್ನೇ ನಂಬಿದರೂ ಅರ್ಧ 12,000 ಆಗುತ್ತದೆ. ಐದನೆಯವರು ಅದನ್ನೂ ದಾಟಿ ಹಣ ಕೊಟ್ಟಿದ್ದಾರೆ. ಹಳೆಯ ಸಾಲಗಳು ಅವರಿಗೆ ಗೊತ್ತಿರಲಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಸಾಲದ ಇತಿಹಾಸ ತೆಗೆಯುವುದು ಅವರಿಗೆ ನಿಮಿಷದ ಕೆಲಸ.

ನಿಮ್ಮ ಮಾವನಿಗೆ ಇದನ್ನು ಓದಿ ಹೇಳಿ. ಹಾಸಿಗೆ ಅಳೆಯುವ ಕೆಲಸವನ್ನು ನಿಯಮ ಸಾಲ ಕೊಡುವವರಿಗೆ ಒಪ್ಪಿಸಿದೆ. ಅವರು ಅಳೆಯಲಿಲ್ಲ, ಅಳತೆಪಟ್ಟಿಯನ್ನೇ ತಿದ್ದಿದರು. ಇದು ಅರ್ಜಿ ತುಂಬಿದ ಒಬ್ಬ ಹುಡುಗನ ಕಳ್ಳಾಟವೂ ಅಲ್ಲ. ಬೈಕಿನಲ್ಲಿ ಬರುವ ಆ ಹುಡುಗನಿಗೂ ತಿಂಗಳಿಗೆ ಇಷ್ಟು ಹೊಸ ಸಾಲ ಎಂಬ ಗುರಿ ಇರುತ್ತದೆ, ತಲುಪಿದರೆ ಪ್ರೋತ್ಸಾಹಧನ. 2024ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ನಾಲ್ಕು ಹಣಕಾಸು ಸಂಸ್ಥೆಗಳಿಗೆ ಹೊಸ ಸಾಲ ಮಂಜೂರು ಮಾಡದಂತೆ ತಡೆ ಹಾಕಿತು. ವಿಪರೀತ ಬಡ್ಡಿಯ ಜೊತೆಗೆ, ಕುಟುಂಬದ ಆದಾಯವನ್ನು ಸರಿಯಾಗಿ ಲೆಕ್ಕ ಹಾಕದಿರುವುದೂ ಅದಕ್ಕೆ ಕೊಟ್ಟ ಕಾರಣಗಳಲ್ಲಿತ್ತು.

ಇನ್ನೂ ಮೇಲೆ ಹೋದರೆ ನಮ್ಮಂಥ ಬ್ಯಾಂಕಿನವರು ಸಿಗುತ್ತೇವೆ. ಬ್ಯಾಂಕುಗಳು ತಮ್ಮ ಸಾಲದಲ್ಲಿ ಶೇ 40ರಷ್ಟನ್ನು ಕೃಷಿ, ಸಣ್ಣ ಉದ್ಯಮ, ಬಡವರು ಸೇರಿದ ಆದ್ಯತಾ ವಲಯಕ್ಕೆ ಕೊಡಬೇಕು. ಹಳ್ಳಿಗೆ ಹೋಗಿ ಕೊಡುವುದು ಕಷ್ಟ. ಆದ್ದರಿಂದ ಫೈನಾನ್ಸ್‌ನವರಿಗೆ ಸಗಟಾಗಿ ಹಣ ಕೊಡುತ್ತಾರೆ, ಇಲ್ಲವೇ ಅವರು ಕೊಟ್ಟ ಸಾಲಗಳನ್ನು ಗಂಟುಕಟ್ಟಿ ಕೊಂಡುಕೊಳ್ಳುತ್ತಾರೆ. ಅಮೆರಿಕದಲ್ಲಿ ಗೃಹಸಾಲಗಳನ್ನು ಹೀಗೆಯೇ ಗಂಟುಕಟ್ಟಿ ಮಾರಿದರು. ಕೊಟ್ಟವನಿಗೆ ಮರುಪಾವತಿಯ ಚಿಂತೆ ಉಳಿಯಲಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ಬಿದ್ದಾಗ ಜಗತ್ತಿಗೆಲ್ಲ ಬಿಸಿ ತಟ್ಟಿತು.

2009ರಲ್ಲಿ ನಾನು ನಿಮ್ಮದೇ ತಾಲ್ಲೂಕಿನ ಒಂದು ಶಾಖೆಯಲ್ಲಿದ್ದೆ. ಆ ವರ್ಷ ಕೋಲಾರದಲ್ಲಿ ಮುಸ್ಲಿಂ ಸಮುದಾಯದ ಅಂಜುಮನ್ ಸಮಿತಿ ಕಂತು ಕಟ್ಟಬೇಡಿ ಎಂದು ಕರೆ ಕೊಟ್ಟಿತು. ಶಿಡ್ಲಘಟ್ಟ, ರಾಮನಗರದಲ್ಲೂ ಮರುಪಾವತಿ ನಿಂತಿತು. ಒಂದೇ ಬೀದಿಗೆ ಹಲವು ಸಂಸ್ಥೆಗಳು ಪೈಪೋಟಿಯಲ್ಲಿ ಸಾಲ ಸುರಿದಿದ್ದವು. ಮರುವರ್ಷ ಆಂಧ್ರದಲ್ಲೂ ಇದೇ ಬಿಕ್ಕಟ್ಟು ಹೊತ್ತಿಕೊಂಡಿತು, ಆಮೇಲೆ ರಿಸರ್ವ್ ಬ್ಯಾಂಕ್ ನೇಮಿಸಿದ ಮಾಲೆಗಾಂ ಸಮಿತಿ, ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಸಂಸ್ಥೆಗಳು ಸಾಲ ಕೊಡಬಾರದು ಎಂಬ ಆಗಿನ ಕಟ್ಟುಪಾಡು. ಪಾಠ ಗೊತ್ತಿಲ್ಲದೆ ಈ ಸಲ ಎಡವಿದೆವು ಎನ್ನುವ ಹಕ್ಕು ಯಾರಿಗೂ ಇಲ್ಲ.

ನನ್ನದೂ ಒಂದು ತಪ್ಪಿದೆ. ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಚರಕ ರಿಪೇರಿಗೆ 15,000 ಕೇಳಿಕೊಂಡು ಮೂರು ಸಲ ಬಂದರು. ಒಮ್ಮೆ ಪಹಣಿ ಕೇಳಿದೆ, ಒಮ್ಮೆ ಜಾಮೀನುದಾರರನ್ನು ಕರೆತನ್ನಿ ಎಂದೆ. ಮೂರನೆಯ ಸಲ ಅವರು ಬಂದದ್ದು ಗೂಡಿನ ಮಾರುಕಟ್ಟೆಯಿಂದ ನೇರವಾಗಿ. ಸೆರಗಿಗೆ ಗೂಡಿನ ಎಳೆ ಅಂಟಿತ್ತು. ನಾಳೆ ಬನ್ನಿ ಎಂದೆ. ನಾಳೆ ಅವರು ಫೈನಾನ್ಸ್‌ಗೆ ಹೋದರು. ಆ ಎಳೆ ನನಗೆ ಇಂದಿಗೂ ಕಾಣುತ್ತದೆ.

ನಿಮ್ಮ ತಾಯಿಯ ಪಾಲು ಎಷ್ಟು? ಪಡೆದ ಹಣ ಹಿಂದಿರುಗಿಸುವ ಹೊಣೆ ಅವರದೇ, ಅದನ್ನು ನಾನು ಮರೆಮಾಚುವುದಿಲ್ಲ. ಲೀಡರ್ ಆಗಿ ‘ಏನೂ ಆಗುವುದಿಲ್ಲ, ಸಹಿ ಹಾಕಿ’ ಎಂದು ನೆರೆಯವರನ್ನು ಒಪ್ಪಿಸಿದ್ದರೆ ಅದಕ್ಕೂ ಅವರು ಉತ್ತರಿಸಬೇಕು. ಆದರೆ ಊರಿಗೆ ಊರೇ ಮುಳುಗಿದ್ದಕ್ಕೆ ಅವರು ಹೊಣೆಯಲ್ಲ. ಬೇಡ ಎನ್ನುವ ಅಧಿಕಾರ, ಬೇಡ ಎನ್ನಲು ಬೇಕಾದ ಮಾಹಿತಿ ಎರಡೂ ಕೈಯಲ್ಲಿದ್ದು, ಹೂಂ ಎಂದಾಗಲೆಲ್ಲ ಲಾಭ ಪಡೆದವರು ಮೊದಲ ಹೊಣೆಗಾರರು. ಕಣ್ಣುಮುಚ್ಚಿ ಸಗಟು ಹಣ ಕೊಟ್ಟವರು, ತಡವಾಗಿ ಎಚ್ಚೆತ್ತ ನಿಯಂತ್ರಕರು ಹೊಣೆಯ ಸಾಲಿನಲ್ಲಿ ಅವರ ಹಿಂದೆ ನಿಲ್ಲಬೇಕು.

ಈಗ ಮಾಡಬೇಕಾದ್ದು: ನಾಲ್ಕನೆಯ ಮತ್ತು ಐದನೆಯ ಸಂಸ್ಥೆಗೆ ಈ ಲೆಕ್ಕವನ್ನೇ ಬರೆದು, ಕಂತು ಇಳಿಸಿ ಅವಧಿ ಹೆಚ್ಚಿಸಿ ಎಂದು ಕೇಳಿ, ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಪರಿಹಾರ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ದೂರು ಕೊಡಿ, ಮಾಹಿತಿಗೆ 14448. ಓಡಿಹೋದವರ ಕಂತಿನ ಬಗ್ಗೆ, ತಾಯಿ ಸಹಿ ಹಾಕಿದ ಕಾಗದದಲ್ಲಿ ಏನಿದೆ ಎಂದು ನೋಡದೆ ಒಂದು ರೂಪಾಯಿಯನ್ನೂ ಒಪ್ಪಿಕೊಳ್ಳಬೇಡಿ. ಆ ಕಾಗದದ ನಕಲು ಕೇಳಿ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಅವರು ಕರೆ ಮಾಡುವಂತಿಲ್ಲ. ಬೈಯುವಂತಿಲ್ಲ, ನೆಂಟರನ್ನು ಪೀಡಿಸುವಂತಿಲ್ಲ. ಏಜೆಂಟರ ನಡತೆಗೂ ಸಂಸ್ಥೆಯೇ ಹೊಣೆ. ಬಂದ ದಿನ, ವೇಳೆ, ಆಡಿದ ಮಾತು ಎಲ್ಲವನ್ನೂ ನೋಟ್‌ಪುಸ್ತಕದಲ್ಲಿ ಬರೆದಿಡಿ.

ಪ್ರಶ್ನೆ: ಹಸು ಮಾರಿ ಒಂದು ಸಂಘದ ಸಾಲ ಪೂರ್ತಿ ತೀರಿಸಬೇಕೆಂದಿದ್ದೇನೆ. ಅವಧಿಗೆ ಮೊದಲೇ ಕಟ್ಟಿದರೆ ದಂಡ ಎನ್ನುತ್ತಾರೆ. ನಿಜವೇ?
— ಓದುಗರು, ಚಿಂತಾಮಣಿ

ಉತ್ತರ: ಕಿರು ಸಾಲಕ್ಕೆ ಅಂಥ ದಂಡ ಹಾಕುವಂತಿಲ್ಲ, 2022ರ ನಿಯಮದಲ್ಲಿ ಸ್ಪಷ್ಟವಾಗಿದೆ. ಪೂರ್ತಿ ಕಟ್ಟಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ. ಆದರೆ ಹಸು ಹಾಲು ಕೊಡುತ್ತಿದ್ದರೆ ಮಾರುವ ಮುನ್ನ ಡೇರಿಯ ಬಟವಾಡೆ ಚೀಟಿ ತೆಗೆದು, ಮೇವು ಹಿಂಡಿಯ ಖರ್ಚು ಕಳೆದು ಉಳಿಯುವುದನ್ನು ಕಂತಿನ ಪಕ್ಕದಲ್ಲಿಟ್ಟು ನೋಡಿ. ಕಂತಿಗಿಂತ ಹಾಲಿನ ಹಣ ಹೆಚ್ಚಿದ್ದರೆ ಹಸು ಕೊಟ್ಟಿಗೆಯಲ್ಲೇ ಇರಲಿ.