ಕೋವಿಡ್ ಲಸಿಕೆಗೆ ಸರದಿಯಲ್ಲಿ ನಿಂತ ಅಪ್ಪ ಫ್ಲೂ ಲಸಿಕೆಗೆ ಯಾಕೆ ಒಪ್ಪುತ್ತಿಲ್ಲ?

ನಿಮ್ಮ ತಂದೆಗೆ 71 ವರ್ಷ, ಸಕ್ಕರೆ ಕಾಯಿಲೆ ಬೇರೆ. ಕೋವಿಡ್ ಲಸಿಕೆಗೆ ತಾವಾಗಿಯೇ ಹೋದವರು ಫ್ಲೂ ಲಸಿಕೆ ಅಂದರೆ ಮಾತು ತೇಲಿಸುತ್ತಾರೆ, ಹೆದರಿಕೆಯೇ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ಹಾಸನದಲ್ಲಿ ಹದಿನೆಂಟು ವರ್ಷದಿಂದ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ, ಕೌಂಟರಿನ ಈಚೆಯಿಂದ ಕಂಡದ್ದನ್ನು ಹೇಳುತ್ತೇನೆ.

ಹೆದರಿಕೆ ಅಂತೂ ಅಲ್ಲ. ದಿನಕ್ಕೆರಡು ಸಲ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರೂ ಇದನ್ನು ಬೇಡ ಅನ್ನುತ್ತಾರೆ. ಅವರಿಗೆ ವರ್ಷಕ್ಕೊಂದು ಸೂಜಿ ಯಾವ ಲೆಕ್ಕ? ಇದು ಬೇಕು ಅಂತ ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ. 2021ರ ಮಾರ್ಚ್‌ನಲ್ಲಿ 60 ದಾಟಿದವರನ್ನು ಸರ್ಕಾರವೇ ಕರೆಯಿತು, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡೂ ಇರಲಿಲ್ಲ. ಫ್ಲೂ ಲಸಿಕೆ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇಲ್ಲ. ಇಂಗ್ಲೆಂಡಿನಲ್ಲಿ 65 ದಾಟಿದವರಿಗೆ ಪುಕ್ಕಟೆ, ಅಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರು ಹಾಕಿಸಿಕೊಳ್ಳುತ್ತಾರೆ. ನಮ್ಮ ದೇಶದಲ್ಲಿ 45 ದಾಟಿದವರ ಬಗ್ಗೆ 2017-18ರಲ್ಲಿ ನಡೆದ ಲಾಸಿ ಎಂಬ ರಾಷ್ಟ್ರೀಯ ಸಮೀಕ್ಷೆಯಲ್ಲಿ ನೂರಕ್ಕೆ ಇಬ್ಬರೂ ಸಿಗಲಿಲ್ಲ.

ಇನ್ನು ದುಡ್ಡು. ಕಂಪನಿ ನೋಡಿಕೊಂಡು ಒಂದೂವರೆ, ಎರಡು ಸಾವಿರ ಆಗುತ್ತದೆ. ಹೋದ ವರ್ಷ ನಿವೃತ್ತ ಮೇಷ್ಟ್ರೊಬ್ಬರು ಚೀಟಿ ತಂದರು. ಬೆಲೆ ಹೇಳಿದೆ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡು, "ಮಗ ಬೆಂಗಳೂರಿಂದ ಬರ್ಲಿ, ನೋಡೋಣ" ಅಂದರು. ಅದೇ ವಾರ ಬಾಣಂತನಕ್ಕೆ ಬಂದಿದ್ದ ಮಗಳ ಕೂಸಿಗೆ ಅದಕ್ಕಿಂತ ದುಬಾರಿ ಲಸಿಕೆಯನ್ನು ತುಟಿ ಪಿಟಕ್ಕೆನ್ನದೆ ಕೊಂಡರು.

ಹೆಸರೂ ಒಂದು ತೊಡಕು. ಫ್ಲೂ ಅಂದರೆ ಅವರ ಕಿವಿಗೆ ನೆಗಡಿ. "ನೆಗಡಿಗೆ ಎರಡು ಸಾವಿರವೇನಪ್ಪ, ಮೆಣಸಿನ ಕಷಾಯ ಸಾಲದಾ?" ಸಕ್ಕರೆ, ಹೃದಯ, ಉಬ್ಬಸ ಇದ್ದವರಿಗೆ ಅದು ನ್ಯುಮೋನಿಯಾಕ್ಕೆ ತಿರುಗಬಹುದು ಅಂದರೂ ತಲೆಗೆ ಹೋಗುವುದಿಲ್ಲ. 2009ರಲ್ಲಿ ಹಂದಿಜ್ವರ ಅಂತ ನಡುಗಿದೆವಲ್ಲ, ಆ ವೈರಸ್ಸಿನ ವಂಶಕ್ಕೂ ಇದೇ ಲಸಿಕೆ ಅಂದುನೋಡಿ, ತಟ್ಟನೆ ಕಿವಿ ನಿಮಿರುತ್ತದೆ.

ನಮ್ಮ ಮಾವನವರ ಕಥೆ ಬೇರೆ. ಒಮ್ಮೆ ಹಾಕಿಸಿಕೊಂಡರು, ರಾತ್ರಿ ಮೈ ಬಿಸಿಯಾಯಿತು, "ಇಂಜೆಕ್ಷನ್ನಿಂದಲೇ ಫ್ಲೂ ಬಂತು" ಅಂತ ಮದುವೆ ಮನೆಗಳಲ್ಲೆಲ್ಲ ಸಾರಿದರು. ಈ ಇಂಜೆಕ್ಷನ್ನಿನಲ್ಲಿ ಜೀವಂತ ವೈರಸ್ ಇರುವುದಿಲ್ಲ. ತೋಳು ನೋವು, ಸಣ್ಣ ಜ್ವರ ಒಂದೆರಡು ದಿನ ಇರಬಹುದು. ವಯಸ್ಸಾದವರಲ್ಲಿ ಲಸಿಕೆಯ ಬಲ ಸ್ವಲ್ಪ ಕಡಿಮೆ ಅನ್ನುವುದೂ ನಿಜ. ಫ್ಲೂ ಬರುವುದೇ ಇಲ್ಲ ಅಂತಲ್ಲ, ಆಸ್ಪತ್ರೆ ಸೇರುವಷ್ಟು ಹದಗೆಡುವ ಸಂಭವ ಇಳಿಯುತ್ತದೆ. ವೈರಸ್ ರೂಪ ಬದಲಿಸುತ್ತಾ ಇರುವುದರಿಂದ ಪ್ರತಿ ವರ್ಷ ಹಾಕಿಸಬೇಕು. ಎರಡನೇ ವರ್ಷಕ್ಕೆ ತಪ್ಪಿಸಿಕೊಳ್ಳುವವರೇ ಜಾಸ್ತಿ.

ಆದರೆ ಇದೆಲ್ಲಕ್ಕಿಂತ ಡಾಕ್ಟರ ಮಾತಿನ ತೂಕ ಹೆಚ್ಚು. "ಬೇಕಾದ್ರೆ ಹಾಕಿಸ್ಕೊಳಿ" ಅಂದ ಡಾಕ್ಟರ ಚೀಟಿ ನನ್ನ ಅಂಗಡಿಗೆ ಬರುವುದೇ ಅಪರೂಪ. "ಹಾಕಿಸ್ಕೊಂಡೇ ಮನೆಗೆ ಹೋಗಿ" ಅಂದರೆ ಅರ್ಧ ಗಂಟೆಯಲ್ಲಿ ಬಂದು ನಿಲ್ಲುತ್ತಾರೆ. ಹಾಗಾಗಿ ಮುಂದಿನ ಸಲ ಶುಗರ್ ಚೆಕಪ್ಪಿಗೆ ನೀವೂ ಜೊತೆಗೆ ಹೋಗಿ, ಅವರ ಎದುರೇ ಡಾಕ್ಟರನ್ನು ಕೇಳಿ. ಹಿಂದೆ ಯಾವುದಾದರೂ ಲಸಿಕೆಗೆ ಜೋರು ಅಲರ್ಜಿ ಆಗಿದ್ದರೆ ಆಗಲೇ ಹೇಳಿ. ಮೈಯಲ್ಲಿ ಹಿಡಿಯಲು ಎರಡು ವಾರ ಬೇಕು, ಮುಂಗಾರಿಗೆ ಮೊದಲು ಏಪ್ರಿಲ್, ಮೇ ತಿಂಗಳಲ್ಲೇ ಮುಗಿಸಿ. ಅಂಗಡಿಯಿಂದ ಐಸ್ ಪ್ಯಾಕ್ ಇಟ್ಟ ಥರ್ಮಾಕೋಲ್ ಡಬ್ಬಿಯಲ್ಲೇ ತನ್ನಿ. ದುಡ್ಡು ನೀವೇ ಮೊದಲು ಹೋಗಿ ಕೊಟ್ಟುಬಿಡಿ, ಬೆಲೆ ಅವರ ಕಿವಿಗೆ ಬೀಳುವುದು ಬೇಡ.