ಸಾಕಮ್ಮ: 'ಸಾಕು' ಅಂದದ್ದಾ, ಸಾಕಿದ್ದಾ?

ಪ್ರಶ್ನೆ: ನಮ್ಮಜ್ಜಿಯ ಹೆಸರು ಸಾಕಮ್ಮ. ಅವರಿಗಿಂತ ಮುಂಚೆ ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲವಂತೆ. ಮಗಳಿಗೆ ಅಜ್ಜಿಯ ಹೆಸರನ್ನೇ ಇಡೋಣ ಅಂದ್ರೆ ಮನೆಯಲ್ಲಿ, 'ಹೆಣ್ಣು ಇನ್ನು ಸಾಕು ಅಂತ ಇಡೋ ಹೆಸರು ಅದು, ಬೇಡ' ಅಂತಾರೆ. ಹೌದಾ?
– ಓದುಗರೊಬ್ಬರು, ತುಮಕೂರು

ಉತ್ತರ: ಮನೆಯವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ನಿಮ್ಮಜ್ಜಿಯ ವಿಷಯದಲ್ಲಿ ಅದು ಹೊಂದುವುದಿಲ್ಲ ಅನಿಸುತ್ತದೆ.

ಕನ್ನಡದಲ್ಲಿ ಎರಡು 'ಸಾಕು' ಇವೆ. ಒಂದು, ಊಟದೆಲೆಗೆ ಕೈ ಅಡ್ಡ ಹಿಡಿದು ಹೇಳುವ ಸಾಕು. ಇದು 'ಸಾಲು' ಎಂಬ ಕ್ರಿಯಾಪದದಿಂದ ಬಂದದ್ದು. ಅದಕ್ಕೇ ಕಡಿಮೆ ಬಿದ್ದರೆ 'ಸಾಲದು' ಅನ್ನುತ್ತೇವೆ. ಇನ್ನೊಂದು, ದನ ಸಾಕುವುದು, ಮಗು ಸಾಕುವುದು ಅನ್ನುವಾಗಿನದು. ಸಾಕುತಾಯಿ, ಸಾಕುಮಗಳು ಎಲ್ಲ ಈ ಕಡೆಯ ಬಳಗ.

ಸಾಲಾಗಿ ಹೆಣ್ಣೇ ಹುಟ್ಟಿದ ಮನೆಯಲ್ಲಿ ಕೊನೆಯವಳಿಗೆ ಬೇಸರದಿಂದ ಸಾಕಮ್ಮ ಅಂತ ಹೆಸರಿಟ್ಟದ್ದು ಉಂಟು. ಇದು ನಮ್ಮಲ್ಲಷ್ಟೇ ಅಲ್ಲ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 'ಬೇಡವಾದವಳು' ಅನ್ನುವ ಅರ್ಥದ ನಕುಸಾ ಎಂಬ ಹೆಸರಿತ್ತು. 2011ರಲ್ಲಿ ಅಲ್ಲಿನ ಜಿಲ್ಲಾಡಳಿತವೇ ಮುಂದೆ ನಿಂತು ಅಂಥ ಹುಡುಗಿಯರಿಗೆ ಹೊಸ ಹೆಸರು ಕೊಡಿಸಿತು.

ಆದರೆ ಮಕ್ಕಳು ಉಳಿಯದ ಮನೆಯಲ್ಲಿ 'ಹೆಣ್ಣು ಸಾಕು' ಅಂತ ಯಾರು ಅಂತಾರೆ ಹೇಳಿ? ಅಲ್ಲಿ ಹೆಸರು ಹರಕೆಯ ಥರ. ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು ತಿಪ್ಪಮ್ಮ ಅಂತ ಕರೆದರು. ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ ಕಲ್ಲಮ್ಮ, ಗುಂಡಮ್ಮ ಅಂದರು. ಇವಳನ್ನಾದರೂ ಸಾಕುವ ಭಾಗ್ಯ ಇರಲಿ ಅಂತ ಸಾಕಮ್ಮ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ ಅಲ್ವಾ?

ಬೆಂಗಳೂರಿನ ಹಳಬರಿಗಂತೂ ಈ ಹೆಸರು ಕೇಳಿದರೆ ಕಾಫಿಪುಡಿ ನೆನಪಾಗುತ್ತದೆ. ಕೊಡಗಿನ ತೋಟದ ಯಜಮಾನಿಕೆ ಗಂಡನ ನಂತರ ತಾವೇ ವಹಿಸಿಕೊಂಡು, ಬೆಂಗಳೂರಿನಲ್ಲಿ ಕಾಫಿ ವ್ಯಾಪಾರ ಕಟ್ಟಿದವರು ಡಿ. ಸಾಕಮ್ಮ. ಬಸವನಗುಡಿಯಲ್ಲಿ ಸಾಕಮ್ಮ ಗಾರ್ಡನ್ ಎಂಬ ಜಾಗ ಈಗಲೂ ಇದೆ. ಆ ಹೆಸರು ಹೇಳುವಾಗ ಅಲ್ಲಿ ಯಾರೂ 'ಹೆಣ್ಣು ಸಾಕು' ಅಂದುಕೊಳ್ಳುವುದಿಲ್ಲ.

ಮಗಳಿಗೆ ಧಾರಾಳವಾಗಿ ಇಡಿ. ಶಾಲೆಯಲ್ಲಿ ಹಾಜರಿ ಕೂಗುವಾಗ ಯಾರಾದರೂ ನಗಬಹುದು ಅನ್ನುವ ಅಳುಕಿದ್ದರೆ ಎರಡನೇ ಹೆಸರಾಗಿ ಇರಲಿ. ಮನೆಯಲ್ಲಿ ಕೂಗಲು 'ಸಾಕೀ' ಚೆನ್ನಾಗಿಯೇ ಇದೆ. ಒಂದು ತಾಪತ್ರಯ ಮಾತ್ರ ತಪ್ಪಿದ್ದಲ್ಲ. ಹಬ್ಬದ ಪಂಕ್ತಿಯಲ್ಲಿ ಬಡಿಸುವವರಿಗೆ ಯಾರಾದರೂ 'ಸಾಕಮ್ಮಾ, ಸಾಕು' ಅಂದರೆ, ಆಡುತ್ತಿದ್ದ ಇವಳು ಓಡಿಬಂದು 'ಏನು?' ಅಂತ ನಿಲ್ಲುತ್ತಾಳೆ.