ಕುಂಡದ ಕಲೆಗೆ ಇಡೀ ಅಡ್ವಾನ್ಸ್ ಹಿಡಿದುಕೊಂಡಿದ್ದರೆ

ಬಾಲ್ಕನಿಯಲ್ಲಿ ಕುಂಡಗಳನ್ನು ಇಟ್ಟು ಟೈಲ್ಸ್ ಹಾಳಾಗಿದೆ, ಮನೆಗೂ ಬಣ್ಣ ಹೊಡೆಸಬೇಕು ಎಂದು ಹೇಳಿ ಮಾಲೀಕರು ಅಡ್ವಾನ್ಸ್ ಪೂರ್ತಿ ಹಿಡಿದುಕೊಂಡಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಹಣದ ಆಸೆ ಬಿಡಬೇಡಿ. ಅದು ನಿಮ್ಮ ಹಣ, ಭದ್ರತೆಗೆಂದು ಅವರ ಬಳಿ ಇದೆ, ಅಷ್ಟೆ. ಯಾವುದಕ್ಕೆ ಎಷ್ಟು ಕಡಿತ ಎಂದು ಲೆಕ್ಕ ಕೊಡಬೇಕಾದವರು ಅವರು.

ಕಲೆಯ ವಿಷಯಕ್ಕೆ ಬರೋಣ. ಕುಂಡದ ಅಡಿಯಲ್ಲಿ ಬಳೆಯಂತೆ ಕೂರುವ ಬಿಳಿ ಪದರ ಹೆಚ್ಚಾಗಿ ಗಡಸು ನೀರಿನ ಸುಣ್ಣ. ಸೆರಾಮಿಕ್ ಟೈಲ್ಸ್ ಆಗಿದ್ದರೆ ನೀರು ಬೆರೆಸಿದ ವಿನೆಗರ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರೆ ಸಾಮಾನ್ಯವಾಗಿ ಬಿಡುತ್ತದೆ. ಅಮೃತಶಿಲೆಗೆ ಮಾತ್ರ ಹುಳಿ ಸೋಕಿಸಬೇಡಿ, ಹೊಳಪು ಹೋಗುತ್ತದೆ. ನಾನೇ ಬಂದು ತೊಳೆದುಕೊಡುತ್ತೇನೆ ಎಂದು ಕೇಳಿ ನೋಡಿ. ತೊಳೆದರೆ ಹೋಗುವ ಕಲೆಗೆ ಹೊಸ ಟೈಲ್ಸ್‌ನ ಹಣ ಮುರಿದುಕೊಳ್ಳುವುದು ಅನ್ಯಾಯ. ಬಿರುಕು ಬಿಟ್ಟಿದ್ದರೆ, ಬಳ್ಳಿ ಹಬ್ಬಿಸಲು ಗೋಡೆ ಕೊರೆದಿದ್ದರೆ, ಆ ರಿಪೇರಿ ಖರ್ಚನ್ನು ತಕರಾರಿಲ್ಲದೆ ಒಪ್ಪಿಕೊಳ್ಳಿ.

ಬಣ್ಣಕ್ಕೆ ಕರಾರುಪತ್ರ ತೆಗೆದು ನೋಡಿ. ಇಷ್ಟು ಹಣ ಎಂದು ಬರೆದು ಸಹಿ ಹಾಕಿದ್ದರೆ ಅದನ್ನು ತಪ್ಪಿಸಿಕೊಳ್ಳುವುದು ಕಷ್ಟ. ಬರೆದಿಲ್ಲವಾದರೆ, ವಾಸವಿದ್ದಾಗ ಸಹಜವಾಗಿ ಮಾಸಿದ ಗೋಡೆ ಸವಕಳಿಯೇ ಹೊರತು ಹಾನಿಯಲ್ಲ.

ಇನ್ನು ಮುಂದೆ ಫೋನಿನಲ್ಲಿ ವಾದಿಸುವುದನ್ನು ನಿಲ್ಲಿಸಿ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ಮನೆ ಖಾಲಿ ಮಾಡಿದ ದಿನ, ಕೀಲಿ ಕೊಟ್ಟ ದಿನ, ಕೊಟ್ಟಿದ್ದ ಅಡ್ವಾನ್ಸ್, ನಿಮ್ಮ ಬ್ಯಾಂಕ್ ಖಾತೆ ಇವಿಷ್ಟನ್ನು ಬರೆದು, ಕಡಿತದ ವಿವರವನ್ನು ರಸೀದಿ ಸಹಿತ ಕೊಡಿ, ಉಳಿದದ್ದನ್ನು ಇಂಥ ದಿನದೊಳಗೆ ಹಾಕಿ ಎಂದು ಇಮೇಲ್ ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಭಾಷೆ ಮೆದುವಾಗಿಯೇ ಇರಲಿ, ನಾಳೆ ಅದನ್ನು ಮೂರನೆಯವರು ಓದಬೇಕಾಗಬಹುದು. ಖಾಲಿ ಮನೆಯ ಫೋಟೊಗಳ ಮೂಲ ಪ್ರತಿಗಳನ್ನು ಅಳಿಸಬೇಡಿ, ತೆಗೆದ ದಿನಾಂಕ ಸಾಮಾನ್ಯವಾಗಿ ಅವುಗಳಲ್ಲೇ ದಾಖಲಾಗಿರುತ್ತದೆ. ವಿದ್ಯುತ್, ನೀರಿನ ಕೊನೆಯ ಬಿಲ್ ಕಟ್ಟಿದ ರಸೀದಿಯನ್ನೂ ಜೊತೆಗಿಡಿ.

ಉತ್ತರ ಬರದಿದ್ದರೆ ವಕೀಲರ ಮೂಲಕ ನೋಟಿಸ್ ಕೊಡಿಸಿ. ಹಣ ಮರಳಿಸುವ ಗಡುವು ರಾಜ್ಯದಿಂದ ರಾಜ್ಯಕ್ಕೆ ಬೇರೆ, ನಿಮ್ಮಲ್ಲಿನ ಬಾಡಿಗೆ ಕಾನೂನನ್ನು ವಕೀಲರಲ್ಲೇ ಕೇಳಿ.

ನಡುವೆ ಮಾಲೀಕರು ಸ್ವಲ್ಪ ಹಣ ಕೊಡಲು ಬಂದರೆ ತೆಗೆದುಕೊಳ್ಳಿ. ಆದರೆ ‘ಲೆಕ್ಕ ಚುಕ್ತಾ’ ಎಂದು ಬರೆದ ಕಾಗದಕ್ಕೆ ಸಹಿ ಹಾಕಬೇಡಿ. ‘ಇಷ್ಟು ಬಂದಿದೆ, ಇಷ್ಟು ಬಾಕಿ ಇದೆ’ ಎಂದು ಅದೇ ದಿನ ಬರೆದು ಕಳುಹಿಸಿ.